ಪೈಲಟ್‌ಗಳ ಸ್ವಯಂಪ್ರೇರಿತ ರಜೆ: ಆಡಳಿತದೊಂದಿಗೆ ಷರತ್ತು ಕುದುರಿಸುವುದು ಹೇಗೆ

ಪ್ರಯಾಣಿಕರು ಕಡಿಮೆಯಾದಾಗ ಮಾತ್ರ ವಿಮಾನ ಸಂಸ್ಥೆಗೆ ಪೈಲಟ್‌ಗಳು ಹೆಚ್ಚಾಗುತ್ತಾರೆ ಎಂದುಕೊಳ್ಳಬೇಡಿ. 2020ರಲ್ಲಿ ಕೋವಿಡ್‌ನಿಂದ ಹಾರಾಟವೇ ನಿಂತಾಗ ಜಗತ್ತಿನ ಎಷ್ಟೋ ಸಂಸ್ಥೆಗಳು ರಜೆ ಯೋಜನೆ ತಂದವು. 2024ರಲ್ಲಿ ಪ್ರಯಾಣಿಕರಿಗೇನೂ ಬರವಿರಲಿಲ್ಲ. ಬೋಯಿಂಗ್‌ನಿಂದ ಹೊಸ ವಿಮಾನಗಳು ತಡವಾದವೆಂದು ಯುನೈಟೆಡ್ ಏರ್‌ಲೈನ್ಸ್ ತನ್ನ ಪೈಲಟ್‌ಗಳಿಗೆ ಸಂಬಳವಿಲ್ಲದ ರಜೆ ತೆಗೆದುಕೊಳ್ಳುವಂತೆ ಕೇಳಿಕೊಂಡಿತು. ಕಾರಣ ಏನೇ ಇರಲಿ, ಆಡಳಿತದವರು ಪೈಲಟ್‌ಗಳ ಸಂಘದ ಸಂಧಾನಕಾರರಾದ ನಿಮ್ಮೊಂದಿಗೆ ಮಾತುಕತೆಗೆ ಬರುವಾಗ ಕೈಯಲ್ಲಿ ಒಂದು ಪುಟದ ಕರಡು ಇರುತ್ತದೆ: ಇಷ್ಟು ತಿಂಗಳು ರಜೆ, ಇಷ್ಟು ಸಂಬಳ, ಇಂಥ ದಿನದೊಳಗೆ ಅರ್ಜಿ. ಎಲ್ಲರ ಕಣ್ಣೂ ಸಂಬಳದ ಅಂಕಿಯ ಮೇಲೆ ನಿಲ್ಲುತ್ತದೆ. ಆದರೆ ಮುಂದೆ ತಕರಾರು ಹುಟ್ಟುವುದು ಹೆಚ್ಚಾಗಿ ಆ ಅಂಕಿಯಿಂದಲ್ಲ. ರಜೆಗೆ ಹೋದವರು ಯಾವಾಗ, ಯಾವ ಸೀಟಿಗೆ, ಯಾರ ಖರ್ಚಿನಲ್ಲಿ ಮರಳುತ್ತಾರೆ ಎಂಬುದನ್ನು ಬರೆದಿಡದೆ ಬಿಟ್ಟಿರುವುದರಿಂದ. ಹಾಗಾಗಿ ಈ ಕರಾರನ್ನು ಹಿಂದುಮುಂದಾಗಿ ಕಟ್ಟಬೇಕು: ಮೊದಲು ಮರಳುವ ದಾರಿ, ಆಮೇಲೆ ಹೋಗುವ ಬೆಲೆ.

ಹೆಚ್ಚುವರಿ ಎಲ್ಲಿದೆ ಎಂದು ಮೊದಲು ಕೇಳಿ

"ನಮ್ಮಲ್ಲಿ 200 ಪೈಲಟ್‌ಗಳು ಹೆಚ್ಚಾಗಿದ್ದಾರೆ" ಎಂಬ ಮಾತಿಗೆ ಅರ್ಥವಿಲ್ಲ. ಯಾವ ಫ್ಲೀಟ್‌ನಲ್ಲಿ (ಒಂದೇ ಮಾದರಿಯ ವಿಮಾನಗಳ ಗುಂಪು), ಯಾವ ಬೇಸ್‌ನಲ್ಲಿ (ಪೈಲಟ್ ಡ್ಯೂಟಿ ಶುರುಮಾಡುವ ಊರು), ಕ್ಯಾಪ್ಟನ್ ಕೂರುವ ಎಡ ಸೀಟಿನಲ್ಲೋ ಸಹ ಪೈಲಟ್, ಅಂದರೆ ಫಸ್ಟ್ ಆಫೀಸರ್ ಕೂರುವ ಬಲ ಸೀಟಿನಲ್ಲೋ, ಯಾವ ತಿಂಗಳಿಂದ ಯಾವ ತಿಂಗಳವರೆಗೆ? ಈ ನಾಲ್ಕು ಕಾಲಂಗಳಿರುವ ಪಟ್ಟಿ ಕೈಗೆ ಬರುವವರೆಗೆ ಸಂಬಳದ ಮಾತು ಎತ್ತಬೇಡಿ. ಜೊತೆಗೆ ಮುಂದಿನ 18 ತಿಂಗಳ ವಿಮಾನಗಳ ಯೋಜನೆ, ತಿಂಗಳುವಾರು ಬ್ಲಾಕ್ ಗಂಟೆಗಳು (ವಿಮಾನ ಹೊರಟಾಗಿನಿಂದ ತಲುಪಿ ನಿಲ್ಲುವವರೆಗಿನ ಸಮಯ), ಪ್ರತಿ ಫ್ಲೀಟ್‌ನಲ್ಲಿ ಸ್ಟ್ಯಾಂಡ್‌ಬೈ (ಕರೆದರೆ ಬರಲು ಕಾದಿರುವ ಪೈಲಟ್‌ಗಳು) ಎಷ್ಟು ಶೇಕಡಾ ಇಡುತ್ತಾರೆ, ಯಾರು ಯಾವ ತಿಂಗಳು ನಿವೃತ್ತರಾಗುತ್ತಾರೆ, ತರಬೇತಿಯಲ್ಲಿ ಎಷ್ಟು ಮಂದಿ ಇದ್ದಾರೆ, ಸಿಮ್ಯುಲೇಟರ್‌ನಲ್ಲಿ ಎಷ್ಟು ಪಾಳಿ ಖಾಲಿ ಇವೆ ಎಂಬುದನ್ನೂ ಕೇಳಿ. ಗೋಪ್ಯ ಮಾಹಿತಿ ಎಂದರೆ ಗೋಪ್ಯತೆಯ ಪತ್ರಕ್ಕೆ ಸಹಿ ಹಾಕಿ ಪಡೆಯಿರಿ. ಅದಕ್ಕೂ ಒಪ್ಪದ ಆಡಳಿತದ ಲೆಕ್ಕವೇ ಇನ್ನೂ ಸಿದ್ಧವಾಗಿಲ್ಲ ಎಂದು ತಿಳಿಯಬಹುದು.

ಬಂದ ಅಂಕಿಗಳಿಂದ ನಿಮ್ಮ ಲೆಕ್ಕವನ್ನು ನೀವೇ ಮಾಡಿ. ತಿಂಗಳ ಬ್ಲಾಕ್ ಗಂಟೆಗಳನ್ನು ಒಬ್ಬರು ಸರಾಸರಿ ಹಾರುವ ಗಂಟೆಗಳಿಂದ ಭಾಗಿಸಿ. ಅದಕ್ಕೆ ಸ್ಟ್ಯಾಂಡ್‌ಬೈ, ವಾರ್ಷಿಕ ರಜೆ, ಅನಾರೋಗ್ಯ, ತರಬೇತಿಗೆ ಬೇಕಾದವರನ್ನು ಸೇರಿಸಿ. ಆಡಳಿತ ಸಾಮಾನ್ಯವಾಗಿ ಈ ಕೊನೆಯ ಭಾಗವನ್ನು ಕಡಿಮೆ ಹಿಡಿದಿರುತ್ತದೆ. ಹಾಗೆ ಹಿಡಿದರೆ ಹೆಚ್ಚುವರಿ ದೊಡ್ಡದಾಗಿ ಕಾಣುತ್ತದೆ, ಬೇಸಿಗೆಯ ದಟ್ಟಣೆಯಲ್ಲಿ ಉಳಿದವರ ಬೆನ್ನು ಮುರಿಯುತ್ತದೆ.

ನಿಮ್ಮ ಕೈಯಲ್ಲಿರುವ ಬಲ ಯಾವುದು

ಆಡಳಿತಕ್ಕೆ ಲೇ-ಆಫ್ ಎಂಬ ಅಸ್ತ್ರ ಇದೆಯಲ್ಲ, ನಾವು ಕೇಳಿದ್ದನ್ನು ಅವರೇಕೆ ಕೊಡುತ್ತಾರೆ ಎಂದು ಸದಸ್ಯರು ಕೇಳುತ್ತಾರೆ. ಉತ್ತರ ಸೀನಿಯಾರಿಟಿ ಪಟ್ಟಿಯಲ್ಲಿದೆ. ಸೀನಿಯಾರಿಟಿ ನಡೆಯುವ ಸಂಸ್ಥೆಯಲ್ಲಿ ಲೇ-ಆಫ್ ಕೆಳಗಿನಿಂದ ಶುರುವಾಗುತ್ತದೆ. ಹೆಚ್ಚುವರಿ ಇರುವುದು ಎಲ್ಲೋ ಮೇಲೆ.

ದೊಡ್ಡ ವಿಮಾನಗಳಲ್ಲಿ 40 ಕ್ಯಾಪ್ಟನ್‌ಗಳು ಹೆಚ್ಚು ಎಂದುಕೊಳ್ಳಿ. ಲೇ-ಆಫ್ ಆದರೆ ಹೊರಗೆ ಹೋಗುವವರು ಸಣ್ಣ ವಿಮಾನದ 40 ಕಿರಿಯ ಫಸ್ಟ್ ಆಫೀಸರ್‌ಗಳು. ಈಗ ಕೆಳಗೆ 40 ಬಲ ಸೀಟು ಖಾಲಿ, ಮೇಲೆ 40 ಕ್ಯಾಪ್ಟನ್‌ಗಳು ಕೆಲಸವಿಲ್ಲದೆ ಕೂತಿದ್ದಾರೆ. ಆ ಕ್ಯಾಪ್ಟನ್‌ಗಳು ಸಣ್ಣ ವಿಮಾನದ ಎಡ ಸೀಟಿಗೆ ಇಳಿಯುತ್ತಾರೆ: ಅದು 40 ಟೈಪ್ ಬದಲಾವಣೆಯ (ಬೇರೆ ಮಾದರಿಯ ವಿಮಾನಕ್ಕೆ ಹೋಗುವ) ತರಬೇತಿ. ಅವರಿಂದ ಜಾಗ ಕಳೆದುಕೊಂಡ 40 ಕಿರಿಯ ಕ್ಯಾಪ್ಟನ್‌ಗಳು ಬಲ ಸೀಟಿಗೆ ಬರುತ್ತಾರೆ: ಮತ್ತೆ 40 ತರಬೇತಿ. ಒಟ್ಟು 80. ಟೈಪ್ ಬದಲಾವಣೆ ಎಂದರೆ ತರಗತಿ, ಸಿಮ್ಯುಲೇಟರ್, ತರಬೇತುದಾರರೊಂದಿಗೆ ಹಾರುವ ಲೈನ್ ತರಬೇತಿ ಎಲ್ಲ ಸೇರಿ ವಾರಗಟ್ಟಲೆ. ಅಷ್ಟೂ ದಿನ ಸಂಬಳ ಪೂರ್ತಿ, ಮಾಮೂಲಿ ಹಾರಾಟ ಇಲ್ಲ. ವ್ಯಾಪಾರ ಚೇತರಿಸಿದಾಗ ಇದೇ 80 ತರಬೇತಿ ತಿರುಗಿ ಮೇಲಕ್ಕೆ, ಅದರ ಮೇಲೆ ಹೊರಗೆ ಹೋದ 40 ಮಂದಿಯನ್ನು ಮತ್ತೆ ಸಜ್ಜುಗೊಳಿಸುವ ಕೆಲಸ.

ಸ್ವಯಂಪ್ರೇರಿತ ರಜೆಯಾದರೆ ಹೆಚ್ಚುವರಿ ಇರುವ ಸೀಟಿನಿಂದಲೇ 40 ಮಂದಿ ಹೋಗುತ್ತಾರೆ, ಸೀಟು ಬದಲಾವಣೆಯ ತರಬೇತಿ ಒಂದೂ ಬೇಡ. ಆಡಳಿತ ಇದರಲ್ಲಿ ಉಳಿಸುವುದು ಸಂಬಳವನ್ನಷ್ಟೇ ಅಲ್ಲ, ಈ ಇಡೀ ಸರಪಳಿಯ ಖರ್ಚನ್ನು. ನಿಮ್ಮ ಸಂಸ್ಥೆಯ ನಿಜವಾದ ಸೀನಿಯಾರಿಟಿ ಪಟ್ಟಿ ಇಟ್ಟುಕೊಂಡು ಈ ಸರಪಳಿಯನ್ನು ಹೆಸರು ಹೆಸರಾಗಿ ಬಿಡಿಸಿ, ಎಷ್ಟು ಸಿಮ್ಯುಲೇಟರ್ ಪಾಳಿ ಬೇಕಾಗುತ್ತದೆ ಎಂದು ಕೂಡಿ, ಮೊದಲ ಸಭೆಯಲ್ಲೇ ಮೇಜಿನ ಮೇಲಿಡಿ. ಹತ್ತು ಭಾಷಣಕ್ಕಿಂತ ಆ ಒಂದು ಹಾಳೆ ಹೆಚ್ಚು ಕೆಲಸ ಮಾಡುತ್ತದೆ.

ಯಾವ ಬಗೆಯ ರಜೆ

ಪೂರ್ತಿ ರಜೆ, ಅರ್ಧ ರೋಸ್ಟರ್ (ಡ್ಯೂಟಿ ಪಟ್ಟಿ), ಇಬ್ಬರು ಒಂದೇ ಲೈನ್ (ಒಬ್ಬರ ತಿಂಗಳ ಹಾರಾಟ) ಹಂಚಿಕೊಳ್ಳುವುದು, ತಿಂಗಳು ತಿಂಗಳು ಬಿಡ್ ಮಾಡಿ (ತಮ್ಮ ಆಯ್ಕೆ ಸಲ್ಲಿಸಿ) ಪಡೆಯುವ ಒಂದು ತಿಂಗಳ ರಜೆ ಎಂದು ಹಲವು ಬಗೆಗಳಿವೆ. ಎಲ್ಲರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವ ದಾರಿಯೂ ಉಂಟು: 2020ರ ಫೆಬ್ರವರಿಯಲ್ಲಿ ಕ್ಯಾಥೇ ಪೆಸಿಫಿಕ್ ತನ್ನ ಸುಮಾರು 27,000 ಸಿಬ್ಬಂದಿಯನ್ನು ತಲಾ ಮೂರು ವಾರ ಸಂಬಳವಿಲ್ಲದ ರಜೆ ತೆಗೆದುಕೊಳ್ಳುವಂತೆ ಕೇಳಿಕೊಂಡಿತು. ಕೊರತೆ ಮೂರು ತಿಂಗಳಿನದಾದರೆ ಸಣ್ಣ ರಜೆಗಳು ಸಾಕು. ಒಂದು ವರ್ಷದ್ದಾದರೆ 6 ಮತ್ತು 12 ತಿಂಗಳ ರಜೆ ಬೇಕೇ ಬೇಕು. ಮುಂಚಿತ ನಿವೃತ್ತಿಯನ್ನು ಇದರೊಂದಿಗೆ ಬೆರೆಸಬೇಡಿ. ಅದರ ತೆರಿಗೆ, ನಿವೃತ್ತಿ ನಿಧಿ, ವಿಮೆಯ ಲೆಕ್ಕವೇ ಬೇರೆ. ಎರಡೂ ಒಂದೇ ಪತ್ರದಲ್ಲಿದ್ದರೆ ಒಂದರ ಲಾಭ ತೋರಿಸಿ ಇನ್ನೊಂದರಲ್ಲಿ ಕಡಿತ ಮಾಡುತ್ತಾರೆ.

ಬೆಲೆ ಕಟ್ಟುವುದು

ಸಂಬಳವನ್ನು ಶೇಕಡಾದಲ್ಲಿ ಮಾತಾಡಬೇಡಿ, ಗಂಟೆಗಳಲ್ಲಿ ಮಾತಾಡಿ. "ಶೇ 50" ಎಂದರೆ ಮೂಲ ವೇತನದ ಅರ್ಧವೋ, ಗ್ಯಾರಂಟಿಯ (ಹಾರಾಟ ಕಡಿಮೆಯಾದರೂ ತಿಂಗಳಿಗೆ ಖಚಿತವಾಗಿ ಸಿಗುವ ಗಂಟೆಗಳ ಸಂಬಳ) ಅರ್ಧವೋ, ಕಳೆದ ವರ್ಷದ ಸರಾಸರಿಯ ಅರ್ಧವೋ ಎಂದು ಆಮೇಲೆ ಜಗಳ ಬರುತ್ತದೆ. "ರಜೆಯ ತಿಂಗಳಿಗೆ 50 ಗಂಟೆ, ಪೈಲಟ್ ರಜೆಗೆ ಹೋದ ದಿನ ಇದ್ದ ಸೀಟಿನ ಗಂಟೆ ದರದಲ್ಲಿ, ರಜೆಯ ನಡುವೆ ಬರುವ ವಾರ್ಷಿಕ ಬಡ್ತಿ ಮತ್ತು ಒಪ್ಪಂದದ ಏರಿಕೆ ಸೇರಿ" ಎಂದರೆ ಗೊಂದಲವಿಲ್ಲ.

ಲೆಕ್ಕ ಹೀಗೆ. ತಿಂಗಳ ಗ್ಯಾರಂಟಿ 75 ಗಂಟೆ, ರಜೆಯ ಸಂಬಳ 50 ಗಂಟೆ ಎಂದಾದರೆ ಒಬ್ಬರಿಂದ ಉಳಿತಾಯ 25 ಗಂಟೆ. 60 ಮಂದಿ ಹೋದರೆ 1,500 ಗಂಟೆ, ಅಂದರೆ 20 ಪೈಲಟ್‌ಗಳ ಪೂರ್ತಿ ಗ್ಯಾರಂಟಿ. ಆಡಳಿತಕ್ಕೆ ತಲುಪಬೇಕಾದ ಉಳಿತಾಯದ ಗುರಿ ಗೊತ್ತಿದ್ದರೆ, ಯಾವ ದರಕ್ಕೆ ಎಷ್ಟು ಮಂದಿ ಬೇಕು ಎಂದು ಈ ರೀತಿ ಹಿಂದಕ್ಕೆ ಲೆಕ್ಕ ಹಾಕಬಹುದು. ದರ ಇಳಿದಷ್ಟೂ ಅರ್ಜಿ ಇಳಿಯುತ್ತದೆ ಎಂಬುದನ್ನು ಮರೆಯಬೇಡಿ: ಸಂಬಳವೇ ಇಲ್ಲದ ರಜೆಗೆ ಮನೆ ಸಾಲ ತೀರಿದ ಹಿರಿಯರು ಬರಬಹುದು, ತರಬೇತಿಯ ಸಾಲ ಇನ್ನೂ ಕಟ್ಟುತ್ತಿರುವ ಕಿರಿಯರು ಬರಲಾರರು. ಹೆಚ್ಚುವರಿ ಬಲ ಸೀಟಿನಲ್ಲಿದ್ದರೆ ಸಂಬಳವಿಲ್ಲದ ಯೋಜನೆ ನೆಲಕಚ್ಚುವುದು ಖಚಿತ.

ದೀರ್ಘ ರಜೆಗೆ ಹೆಚ್ಚು ದರ ಕೇಳಿ. ಆರು ತಿಂಗಳ ಖಾತರಿ ಆಡಳಿತಕ್ಕೆ ಒಂದು ತಿಂಗಳ ಖಾತರಿಗಿಂತ ಬಹಳ ಬೆಲೆಬಾಳುತ್ತದೆ, ಏಕೆಂದರೆ ಅದನ್ನು ನಂಬಿ ತರಬೇತಿ ಮತ್ತು ರೋಸ್ಟರ್ ಯೋಜಿಸಬಹುದು. 1 ತಿಂಗಳಿಗೆ 40 ಗಂಟೆ ಎಂದಾದರೆ 3 ತಿಂಗಳಿಗೆ 48, 6 ಮತ್ತು 12 ತಿಂಗಳಿಗೆ 55 ಎಂಬಂಥ ಮೆಟ್ಟಿಲು ನ್ಯಾಯವಾದದ್ದು.

ಸಂಬಳದ ಹಿಂದೆ ಅಡಗಿರುವವು ಬಹಳ. ನಿವೃತ್ತಿ ನಿಧಿಗೆ ಸಂಸ್ಥೆಯ ಪಾಲು 50 ಗಂಟೆಯ ಮೇಲೋ 75ರ ಮೇಲೋ? ಆರೋಗ್ಯ ವಿಮೆ ಕೆಲಸದಲ್ಲಿರುವವರ ದರದಲ್ಲೇ ಮುಂದುವರಿಯುತ್ತದೆಯೇ? ಲೈಸೆನ್ಸ್ ಕಳೆದುಕೊಂಡರೆ ಸಿಗುವ ವಿಮೆ ರಜೆಯಲ್ಲಿದ್ದಾಗಲೂ ಜೀವಂತವೇ? ಇದನ್ನು ವಿಮಾ ಕಂಪನಿಯಿಂದಲೇ ಬರಹದಲ್ಲಿ ತರಿಸಿ. ಪಾಲಿಸಿಯಲ್ಲಿ "ಸಕ್ರಿಯ ಸೇವೆಯಲ್ಲಿದ್ದಾಗ" ಎಂಬ ಎರಡು ಪದ ಇದ್ದರೆ ಆಡಳಿತದ ಭರವಸೆ ಕೆಲಸಕ್ಕೆ ಬರುವುದಿಲ್ಲ. ವಾರ್ಷಿಕ ರಜೆ, ಅನಾರೋಗ್ಯ ರಜೆ ಸೇರುತ್ತಾ ಹೋಗುತ್ತವೆಯೇ, ಸಿಬ್ಬಂದಿ ಪ್ರಯಾಣದ ಪಾಸ್ ಉಳಿಯುತ್ತದೆಯೇ, ರಜೆಯ ಕಾಲ ಸೇವಾವಧಿಗೆ ಲೆಕ್ಕವಾಗುತ್ತದೆಯೇ ಎಂಬ ಪ್ರತಿಯೊಂದಕ್ಕೂ ಒಂದೊಂದು ವಾಕ್ಯ ಬೇಕು. ಬರೆಯದ್ದು ಇಲ್ಲ ಎಂದೇ ಅರ್ಥವಾಗುತ್ತದೆ.

ರಜೆ ಹಂಚುವ ಕ್ರಮ

ಪ್ರತಿ ಫ್ಲೀಟ್, ಬೇಸ್, ಸೀಟಿಗೆ ಎಷ್ಟು ರಜೆ ಎಂದು ಮೊದಲೇ ಪ್ರಕಟಿಸಬೇಕು. ಅದರೊಳಗೆ ಸೀನಿಯಾರಿಟಿಯಂತೆ ಹಂಚಬೇಕು. ಪ್ರಕಟಿಸಿದಷ್ಟೂ ಕೊಡಲೇಬೇಕು, "ಗರಿಷ್ಠ 40" ಎಂದು ಬರೆದರೆ 6 ಕೊಟ್ಟು ಕೈತೊಳೆದುಕೊಳ್ಳಲು ಅವಕಾಶ ಸಿಗುತ್ತದೆ, ಆದ್ದರಿಂದ "ಅರ್ಜಿಗಳು ಇರುವವರೆಗೆ ಕನಿಷ್ಠ 40" ಎಂದು ಬರೆಸಿ. ಅರ್ಜಿಗೆ ಕನಿಷ್ಠ 14 ದಿನ, ಕೊನೆಯ ಗಳಿಗೆಯವರೆಗೂ ಹಿಂತೆಗೆದುಕೊಳ್ಳುವ ಹಕ್ಕು, ಹಂಚಿಕೆಯಾದ ಮೇಲೆ ಪೂರ್ತಿ ಪಟ್ಟಿ ಎಲ್ಲರಿಗೂ ಕಾಣುವಂತೆ. ಅರ್ಜಿ ಕಡಿಮೆ ಬಂದರೆ ದರ ಏರಿಸಿ ಎರಡನೇ ಸುತ್ತು, ಬಲವಂತದ ರಜೆ ಯಾವ ಕಾರಣಕ್ಕೂ ಇಲ್ಲ. ಎರಡನೇ ಸುತ್ತಿನ ಹೆಚ್ಚಿದ ದರ ಮೊದಲ ಸುತ್ತಿನವರಿಗೂ ಸಿಗಬೇಕು. ಇಲ್ಲದಿದ್ದರೆ ಎಲ್ಲರೂ ಎರಡನೇ ಸುತ್ತಿಗೇ ಕಾದು ಕೂರುತ್ತಾರೆ, ಮೊದಲ ಸುತ್ತು ಖಾಲಿ ಹೋಗುತ್ತದೆ.

ರಜೆಯಲ್ಲಿರುವವರ ಸೀನಿಯಾರಿಟಿ ಒಂದು ದಿನವೂ ನಿಲ್ಲಬಾರದು. ಅವರಿಗೆ ಬಡ್ತಿ ಮತ್ತು ಬೇಸ್ ಬದಲಾವಣೆಯ ಬಿಡ್‌ಗಳಲ್ಲಿ ಭಾಗವಹಿಸುವ ಹಕ್ಕು ಇರಬೇಕು, ಬಿಡ್ ಪ್ರಕಟಣೆ ಅವರ ಖಾಸಗಿ ಇಮೇಲ್‌ಗೂ ಹೋಗಬೇಕು. ಸಂಸ್ಥೆಯ ಆ್ಯಪ್‌ನ ಪ್ರವೇಶವನ್ನು ರಜೆಯ ಮೊದಲ ದಿನವೇ ತೆಗೆದುಹಾಕಿ, ಬಡ್ತಿಯ ಸುದ್ದಿಯೇ ತಲುಪದೆ ಹೋಗುವುದು ತೀರಾ ಸಾಮಾನ್ಯ ಎಡವಟ್ಟು.

ವಾಪಸಾತಿ: ಇಲ್ಲಿ ಹೆಚ್ಚು ಹೊತ್ತು ಕಳೆಯಿರಿ

ಹೆಚ್ಚಿನ ದೇಶಗಳ ನಿಯಮದಂತೆ ಪ್ರಯಾಣಿಕರನ್ನು ಹೊತ್ತು ಹಾರಲು ಪೈಲಟ್ ಹಿಂದಿನ 90 ದಿನಗಳಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್ ಮಾಡಿರಬೇಕು. ಮೂರು ತಿಂಗಳಿಗಿಂತ ದೊಡ್ಡ ರಜೆ ಎಂದರೆ ಇದು ತಪ್ಪಿಯೇ ತಪ್ಪುತ್ತದೆ. ಇನ್ನೂ ಉದ್ದವಾದರೆ ನಿಯತಕಾಲಿಕ ಪ್ರೊಫಿಶಿಯನ್ಸಿ ಚೆಕ್ (ಕೌಶಲದ ಪರೀಕ್ಷೆ), ಲೈನ್ ಚೆಕ್ (ಮಾಮೂಲಿ ಹಾರಾಟದಲ್ಲೇ ನಡೆಯುವ ಪರೀಕ್ಷೆ), ಸುರಕ್ಷತಾ ತರಬೇತಿಗಳ ಅವಧಿಯೂ ಮುಗಿಯುತ್ತದೆ. ಹಾಗಾಗಿ ರಜೆ ಮುಗಿದ ದಿನ ಪೈಲಟ್ ಹಾರಲು ಸಿದ್ಧರಿರುವುದಿಲ್ಲ. ಸಿಮ್ಯುಲೇಟರ್‌ನ ಸರದಿಗೆ ಕಾಯುತ್ತಿರುತ್ತಾರೆ.

ಆ ಸರದಿಯ ಲೆಕ್ಕ ಹಾಕಿ ನೋಡಿ. ದಿನಕ್ಕೆ 20 ಗಂಟೆ ಓಡುವ ಸಿಮ್ಯುಲೇಟರ್‌ನಲ್ಲಿ 4 ಗಂಟೆಯ 5 ಪಾಳಿ, ತಿಂಗಳಿಗೆ 150. ಅರ್ಧ ಪಾಳಿಗಳು ಕೆಲಸದಲ್ಲಿರುವವರ ಮಾಮೂಲಿ ತರಬೇತಿಗೆ ಬೇಕು, ಉಳಿಯುವುದು 75. ಮರಳುವ ಪ್ರತಿ ಜೋಡಿಗೆ ಮೂರು ತರಬೇತಿ ಮತ್ತು ಒಂದು ಪರೀಕ್ಷೆ ಎಂದು 4 ಪಾಳಿ ಹಿಡಿದರೆ ತಿಂಗಳಿಗೆ 18 ಜೋಡಿ, 36 ಪೈಲಟ್‌ಗಳು. ಒಂದೇ ದಿನ 120 ಮಂದಿಯ ರಜೆ ಮುಗಿಯುವಂತೆ ಕರಾರು ಮಾಡಿದ್ದರೆ ಕೊನೆಯವರು ಮೂರು ತಿಂಗಳು ದಾಟಿದ ಮೇಲೆ ಕಾಕ್‌ಪಿಟ್ ಸೇರುತ್ತಾರೆ. ಆ ಮೂರು ತಿಂಗಳು ಅವರಿಗೆ ಏನು ಸಂಬಳ? ಕರಾರು ಈ ವಿಷಯದಲ್ಲಿ ಸುಮ್ಮನಿದ್ದರೆ ಸಂಸ್ಥೆ ರಜೆಯ ದರದಲ್ಲೇ ಮುಂದುವರಿಸುತ್ತದೆ.

ಇದಕ್ಕೆ ಎರಡು ವಾಕ್ಯ ಸಾಕು, ಆದರೆ ಎರಡೂ ಬೇಕು. ಒಂದು: ರಜೆ ಮುಗಿಯುವ ದಿನಾಂಕಗಳನ್ನು ಫ್ಲೀಟ್‌ವಾರು ಹಂತಹಂತವಾಗಿ ಹಂಚಬೇಕು, ಯಾವ ತಿಂಗಳಲ್ಲೂ ಸಿಮ್ಯುಲೇಟರ್ ಸಾಮರ್ಥ್ಯ ಮೀರಬಾರದು. ಎರಡು: ಹಂಚಿಕೆಯಲ್ಲಿ ಬರೆದ ಮುಕ್ತಾಯ ದಿನಾಂಕದ ಮರುದಿನದಿಂದ, ತರಬೇತಿ ಶುರುವಾಗಲಿ ಬಿಡಲಿ, ಪೂರ್ತಿ ಗ್ಯಾರಂಟಿ ಸಂಬಳ. ಎರಡನೆಯದು ಇದ್ದರೆ ಮೊದಲನೆಯದನ್ನು ಆಡಳಿತ ತಾನಾಗಿಯೇ ಎಚ್ಚರದಿಂದ ಪಾಲಿಸುತ್ತದೆ.

ತರಬೇತಿಯ ಖರ್ಚು, ಊರಿಗೆ ಹೋಗಿಬರುವ ಟಿಕೆಟ್, ಹೋಟೆಲ್, ದಿನಭತ್ಯೆ ಎಲ್ಲ ಸಂಸ್ಥೆಯದು. ಮರಳುವ ಪರೀಕ್ಷೆಯಲ್ಲಿ ಮೊದಲ ಸಲ ತೇರ್ಗಡೆಯಾಗದವರಿಗೆ ಇಷ್ಟು ಹೆಚ್ಚುವರಿ ಪಾಳಿ ಎಂದು ಸಂಖ್ಯೆ ಬರೆಯಿರಿ, ಅದು ಅವರ ದಾಖಲೆಗೆ ಸೇರಬಾರದೆಂದೂ ಬರೆಯಿರಿ. ರಜೆಗೆ ಹೋಗಲು ಪ್ರೋತ್ಸಾಹಿಸಿದ ಸಂಸ್ಥೆಯೇ ರಜೆಯಿಂದಾದ ಮಂಕಿಗೆ ಪೈಲಟ್‌ನನ್ನು ಶಿಕ್ಷಿಸುವುದು ಅನ್ಯಾಯ. ಬಳಕೆ ತಪ್ಪಿದ ಕೈ ಎಂಬುದು ಬರೀ ಮಾತಲ್ಲ: 2020ರಲ್ಲಿ ಹಾರಾಟ ಕಡಿಮೆಯಾಗಿ ಅಸ್ಥಿರ ಅಪ್ರೋಚ್‌ಗಳು (ಇಳಿಯಲು ಬರುವಾಗ ವೇಗ, ಎತ್ತರದ ಹದ ತಪ್ಪುವುದು) ಹೆಚ್ಚಿವೆ ಎಂದು ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘವಾದ ಐಎಟಿಎ ಎಚ್ಚರಿಸಿತ್ತು. ಆರು ತಿಂಗಳು ಮೀರಿದವರಿಗೆ ನಿಯಮ ಕೇಳದಿದ್ದರೂ ತರಬೇತುದಾರ ಕ್ಯಾಪ್ಟನ್ ಜೊತೆ ಕೆಲವು ಸೆಕ್ಟರ್ (ಒಂದು ಟೇಕಾಫ್‌ನಿಂದ ಲ್ಯಾಂಡಿಂಗ್‌ವರೆಗಿನ ಹಾರಾಟ) ಕೇಳಿ. ಈಗಷ್ಟೇ ಮರಳಿದ ಇಬ್ಬರನ್ನು ಒಂದೇ ಕಾಕ್‌ಪಿಟ್‌ನಲ್ಲಿ ಕೂರಿಸಬಾರದು ಎಂಬುದನ್ನು ರೋಸ್ಟರ್ ಸಾಫ್ಟ್‌ವೇರ್‌ನಲ್ಲೇ ಹಾಕಿಸಿ.

ವೈದ್ಯಕೀಯ ಪ್ರಮಾಣಪತ್ರವನ್ನು ರಜೆಯಲ್ಲೂ ಊರ್ಜಿತವಾಗಿ ಇಟ್ಟುಕೊಳ್ಳಬೇಕೇ, ಮರಳುವ ಮುನ್ನ ಮಾಡಿಸಿದರೆ ಸಾಕೇ, ಹಣ ಯಾರದು ಎಂದು ತೀರ್ಮಾನಿಸಿ. ರಜೆಯ ನಡುವೆ ಪೈಲಟ್ ಗಂಭೀರವಾಗಿ ಕಾಯಿಲೆ ಬಿದ್ದರೆ ಸ್ವಯಂಪ್ರೇರಿತ ರಜೆ ಅಲ್ಲಿಗೇ ನಿಂತು ಅನಾರೋಗ್ಯ ರಜೆಯಾಗಿ ಬದಲಾಗಬೇಕು. ಈ ಒಂದು ಷರತ್ತನ್ನು ಯಾವ ಬೆಲೆಗೂ ಬಿಟ್ಟುಕೊಡಬೇಡಿ.

ಮುಂಚೆಯೇ ಕರೆಸಿಕೊಂಡರೆ

ಸೌತ್‌ವೆಸ್ಟ್ ಏರ್‌ಲೈನ್ಸ್ 2020ರಲ್ಲಿ ಸಾವಿರಾರು ಸಿಬ್ಬಂದಿಗೆ ದೀರ್ಘ ರಜೆ ಕೊಟ್ಟಿತು. 2021ರಲ್ಲಿ ಪ್ರಯಾಣಿಕರು ನಿರೀಕ್ಷೆಗಿಂತ ಬೇಗ ಮರಳಿದ್ದರಿಂದ ರಜೆಯಲ್ಲಿದ್ದವರನ್ನು ಅವಧಿಗೆ ಮೊದಲೇ ಕರೆಸಿಕೊಳ್ಳಬೇಕಾಯಿತು. ಆಡಳಿತ ಈ ಹಕ್ಕನ್ನು ಕೇಳಿಯೇ ಕೇಳುತ್ತದೆ, ಕೊಡದಿರುವುದು ಕಷ್ಟ. ಕೊಡುವಾಗ ಬೇಲಿ ಹಾಕಿ: ಕನಿಷ್ಠ 45 ದಿನಗಳ ಲಿಖಿತ ಸೂಚನೆ, ಮೊದಲು ಬರಲು ಮನಸ್ಸುಳ್ಳವರಿಗೆ ಸೀನಿಯಾರಿಟಿಯಂತೆ ಅವಕಾಶ, ಸಾಲದಿದ್ದರೆ ಕಿರಿಯರಿಂದ ಮೇಲಕ್ಕೆ, 6 ತಿಂಗಳ ರಜೆಯಲ್ಲಿ ಮೊದಲ 3 ತಿಂಗಳು ಯಾರನ್ನೂ ಕರೆಯುವಂತಿಲ್ಲ, ಕರೆಸಿಕೊಂಡವರಿಗೆ ದೀರ್ಘ ರಜೆಯ ದರವೇ ಅನ್ವಯ, ಅದನ್ನು ಸಣ್ಣ ರಜೆಯ ದರಕ್ಕೆ ಇಳಿಸಿ ಹಣ ಹಿಂದಕ್ಕೆ ಪಡೆಯುವಂತಿಲ್ಲ.

ಪೈಲಟ್‌ಗೂ ಮುಂಚೆ ಮರಳುವ ಹಕ್ಕು ಬೇಕು, ಆದರೆ ಕಾರಣಗಳನ್ನು ಹೆಸರಿಸಿ: ಜೀವನ ಸಂಗಾತಿಯ ಸಾವು, ವಿಚ್ಛೇದನ ಅಥವಾ ಕೆಲಸ ಹೋಗುವುದು, ಮನೆಯವರ ದೊಡ್ಡ ಕಾಯಿಲೆಯ ಖರ್ಚು. "ಕಷ್ಟದ ಸಂದರ್ಭದಲ್ಲಿ" ಎಂದಷ್ಟೇ ಬಿಟ್ಟರೆ ಯಾವುದು ಕಷ್ಟ ಎಂದು ತೀರ್ಮಾನಿಸುವವರು ಆಡಳಿತದವರೇ ಆಗುತ್ತಾರೆ.

ರಜೆಯಲ್ಲಿ ಬೇರೆ ಕೆಲಸ ಮಾಡಬಹುದೇ ಎಂಬುದನ್ನೂ ಇಲ್ಲೇ ಮುಗಿಸಿ. ಹಾರಾಟವಲ್ಲದ ಕೆಲಸಕ್ಕೆ ಅನುಮತಿ ಬೇಡವೆಂದು ಬರೆಸಿ. ಬೇರೆಡೆ ಹಾರುವುದಾದರೆ ಆ ಗಂಟೆಗಳೂ ಕಾನೂನಿನ 28 ದಿನಗಳ ಮತ್ತು ವರ್ಷದ ಹಾರಾಟ ಮಿತಿಗೆ ಸೇರುತ್ತವೆ. ಮರಳುವಾಗ ಪೈಲಟ್ ಆ ದಾಖಲೆ ಕೊಡಬೇಕು.

ಉಳಿದವರ ರಕ್ಷಣೆ, ಮತ್ತು ಪ್ರತಿಯಾಗಿ ಏನು

ರಜೆಗೆ ಹೋಗುವವರು ಸಂಸ್ಥೆಗೆ ಉಳಿತಾಯ ಕೊಡುತ್ತಾರೆ. ಅದಕ್ಕೆ ಪ್ರತಿಫಲ ಎಲ್ಲ ಪೈಲಟ್‌ಗಳಿಗೂ ಸಿಗಬೇಕು. ಮುಖ್ಯವಾದದ್ದು ಕರಾರಿನ ಅವಧಿ ಮತ್ತು ಆ ಮೇಲಿನ ಕೆಲವು ತಿಂಗಳು ಲೇ-ಆಫ್ ಇಲ್ಲ, ಬಲವಂತದ ಹಿಂಬಡ್ತಿ ಇಲ್ಲ ಎಂಬ ಮಾತು. 2020ರ ಸೆಪ್ಟೆಂಬರ್‌ನಲ್ಲಿ ಯುನೈಟೆಡ್‌ನ ಪೈಲಟ್‌ಗಳು ಹಾರಾಟದ ಗಂಟೆಗಳನ್ನು ಹಂಚಿಕೊಳ್ಳಲು ಒಪ್ಪಿ ಸುಮಾರು 2,850 ಸಹೋದ್ಯೋಗಿಗಳ ಲೇ-ಆಫ್ ತಪ್ಪಿಸಿದರು. ಹೀಗೆ ಸಂಖ್ಯೆ ಮತ್ತು ದಿನಾಂಕ ಇರುವ ಖಾತರಿಯೇ ಖಾತರಿ.

ಜೊತೆಗೆ, ರಜೆ ನಡೆಯುತ್ತಿರುವ ಫ್ಲೀಟ್‌ನಲ್ಲಿ ಬೇರೆ ಸಂಸ್ಥೆಯ ವಿಮಾನ ಮತ್ತು ಸಿಬ್ಬಂದಿಯನ್ನು ವೆಟ್ ಲೀಸ್‌ಗೆ ತರಬಾರದು, ಹೊರಗಿನಿಂದ ನೇಮಕ ಮಾಡಬಾರದು. ಉಳಿದವರಿಗೆ ರಜಾ ದಿನದಲ್ಲಿ ಬಲವಂತದ ಡ್ಯೂಟಿ ಒಂದು ಮಿತಿ ದಾಟಿದರೆ ಮುಂದಿನ ತಿಂಗಳ ರಜೆ ಹಂಚಿಕೆ ತಾನಾಗಿ ಕಡಿಮೆಯಾಗಬೇಕು. ಆ ಮಿತಿಯನ್ನು ಗಂಟೆಗಳಲ್ಲಿ ಬರೆಯಿರಿ.

ಮೇಜಿನ ಬಳಿ

ತಂಡ ಚಿಕ್ಕದಿರಲಿ: ಮುಖ್ಯ ಸಂಧಾನಕಾರ, ರೋಸ್ಟರ್ ಬಲ್ಲವರು, ತರಬೇತಿ ವಿಭಾಗ ಬಲ್ಲ ಕ್ಯಾಪ್ಟನ್, ಲೆಕ್ಕ ನೋಡುವವರು, ಕಾರ್ಮಿಕ ಕಾನೂನಿನ ವಕೀಲರು. ಮಾತಾಡುವವರು ಒಬ್ಬರೇ. ಮೊದಲು ಸದಸ್ಯರ ಸಮೀಕ್ಷೆ ಮಾಡಿ. ಎಷ್ಟು ತಿಂಗಳು ಹೋಗಲು ಸಿದ್ಧ, ಕನಿಷ್ಠ ಎಷ್ಟು ಗಂಟೆಯ ಸಂಬಳಕ್ಕೆ, ಯಾವುದು ಇಲ್ಲದಿದ್ದರೆ ಹೋಗುವುದೇ ಇಲ್ಲ ಎಂಬ ಮೂರೇ ಪ್ರಶ್ನೆ ಸಾಕು. ಫಲಿತಾಂಶ ತಂಡದ ಹೊರಗೆ ಹೋಗಬಾರದು: "40 ಗಂಟೆಗೂ ನಮ್ಮವರು ಬರುತ್ತಾರೆ" ಎಂಬುದು ಸೋರಿದ ದಿನ ನಿಮ್ಮ 55ರ ಬೇಡಿಕೆ ಸತ್ತಿತು. ಮ್ಯಾನೇಜರ್‌ಗಳು ಪೈಲಟ್‌ಗಳಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿ ರಜೆಗೆ ಒಪ್ಪಿಸುತ್ತಿದ್ದರೆ ಅದೇ ದಿನ ಲಿಖಿತ ಆಕ್ಷೇಪಣೆ ಕೊಡಿ.

ಕರಡಿನಲ್ಲಿ "ಕಾರ್ಯಾಚರಣೆಯ ಅಗತ್ಯಕ್ಕೆ ತಕ್ಕಂತೆ", "ಸಂಸ್ಥೆಯ ವಿವೇಚನೆಯಂತೆ", "ಸಾಧ್ಯವಾದಷ್ಟು" ಎಂಬ ಮಾತು ಕಂಡಲ್ಲೆಲ್ಲ ಗೆರೆ ಎಳೆದು ಅಲ್ಲಿ ಒಂದು ಅಂಕಿ ಅಥವಾ ದಿನಾಂಕ ಕೂರಿಸಿ. ಕರಾರು ಇಂಥ ದಿನ ತಾನಾಗಿ ಕೊನೆಗೊಳ್ಳುತ್ತದೆ, ಮುಖ್ಯ ಒಪ್ಪಂದದ ಯಾವ ಕಲಮನ್ನೂ ಬದಲಿಸುವುದಿಲ್ಲ, ಮುಂದಿನ ಮಾತುಕತೆಗೆ ಪೂರ್ವನಿದರ್ಶನವಾಗುವುದಿಲ್ಲ ಎಂದು ಸೇರಿಸಿ. ವಿವಾದಗಳನ್ನು ಮಾಮೂಲಿ ದೂರಿನ ದಾರಿಗೆ ಬಿಟ್ಟರೆ ತೀರ್ಪು ಬರುವಷ್ಟರಲ್ಲಿ ರಜೆಯೇ ಮುಗಿದಿರುತ್ತದೆ. ಎರಡೂ ಕಡೆ ಮೊದಲೇ ಒಪ್ಪಿದ ಮಧ್ಯಸ್ಥರಿಂದ 15 ದಿನಗಳೊಳಗೆ ತೀರ್ಮಾನ ಎಂದು ಗೊತ್ತುಪಡಿಸಿ.

ಸಹಿಯಾದ ಮೇಲೆ ಸದಸ್ಯರಿಗೆ ಕರಾರಿನ ಜೊತೆ ಎರಡು ಮೂರು ಬಿಡಿಸಿದ ಲೆಕ್ಕ ಕಳಿಸಿ: ಎಂಟನೇ ವರ್ಷದ ಫಸ್ಟ್ ಆಫೀಸರ್ 6 ತಿಂಗಳು ಹೋದರೆ ಕೈಗೆ ಎಷ್ಟು, ನಿವೃತ್ತಿ ನಿಧಿಗೆ ಎಷ್ಟು, ಮರಳುವ ತರಬೇತಿ ಯಾವ ವಾರ ಎಂಬಂಥವು. ಜಂಟಿ ಸಮಿತಿ ತಿಂಗಳಿಗೊಮ್ಮೆ ಕೂತು ಹಂಚಿದ ರಜೆ, ಕರೆಸಿಕೊಂಡವರು, ಸಿಮ್ಯುಲೇಟರ್ ಸರದಿ, ಬಲವಂತದ ಡ್ಯೂಟಿಯ ಗಂಟೆಗಳನ್ನು ತಾಳೆ ನೋಡಲಿ. ಮೊದಲ ತಿಂಗಳ ಸಂಬಳ ಬಂದ ದಿನ ಪ್ರತಿ ಫ್ಲೀಟ್‌ನಿಂದ ಐದಾರು ರಜೆದಾರರ ಪೇಸ್ಲಿಪ್ ತರಿಸಿ ಸಾಲು ಸಾಲಾಗಿ ಪರಿಶೀಲಿಸಿ. ಪೇರೋಲ್ ತಂತ್ರಾಂಶದಲ್ಲಿ ಹೊಸ ರಜೆಗೆ ಹೊಸ ಕೋಡ್ ಹಾಕುವ ಬದಲು ಹಳೆಯ ಸಂಬಳವಿಲ್ಲದ ರಜೆಯ ಕೋಡನ್ನೇ ಬಳಸಿದ್ದರೆ ಗಂಟೆ ಸರಿ ಇದ್ದರೂ ನಿವೃತ್ತಿ ನಿಧಿಯ ಪಾಲು ಮತ್ತು ವಿಮೆಯ ಕಂತು ಸದ್ದಿಲ್ಲದೆ ನಿಂತಿರುತ್ತವೆ.